ಬಸವನಿಗೆ ಮೊದಲ ಕಾಯಿ, ಬೆಂಗಳೂರಿಗೆ ಸೇರುಗಟ್ಟಲೆ... ನಮ್ಮ ರೈತನಿಗೆಷ್ಟು?

ಕಾರ್ತಿಕದ ಕಡೇ ಸೋಮವಾರ ಬಂತೆಂದರೆ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ನಗರದವರಿಗೆ ಅದು ಹಬ್ಬ. ಕೋಲಾರ ಸೀಮೆಯ ಕಡಲೆಕಾಯಿ ಬೆಳೆಗಾರನಿಗೆ ಮಾತ್ರ ಪರಿಷೆಯೂ ಹೌದು, ಪರೀಕ್ಷೆಯೂ ಹೌದು!

2025ರ ನವೆಂಬರ್ 16, ಭಾನುವಾರ. ಇನ್ನೂ ಕೋಳಿ ಕೂಗುವ ಹೊತ್ತು. ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯಿಂದ 'ಛೋಟಾ ಆನೆ' ಎಂದು ಜನ ಕರೆಯುವ ಟಾಟಾ ಏಸ್ ಗಾಡಿಯೊಂದು ಹೊರಟಿತು. ಬಾಡಿಗೆ ಮೂರು ಸಂಸಾರಕ್ಕೆ ಪಾಲು. ಮೂಟೆಗಳ ಮೇಲೆ ಟಾರ್ಪಾಲು, ಟಾರ್ಪಾಲಿನ ಮೇಲೆ ಹೆಂಗಸರು, ಹೆಂಗಸರ ಮಡಿಲಲ್ಲಿ ರಾಗಿಮುದ್ದೆ ಕಟ್ಟಿದ ಬುತ್ತಿ. ಅದರಲ್ಲಿ ಒಂದು ಸಂಸಾರದ ಗಂಡ-ಹೆಂಡತಿಯದು ಐದು ಮೂಟೆ ಕಡಲೆಕಾಯಿ. ಅದಲ್ಲದೆ ಬಾಯಿಗೆ ಕೆಂಪು ದಾರ ಕಟ್ಟಿದ ಆರನೇ ಮೂಟೆ ಒಂದು.

ಅದು ಬಿತ್ತನೆ ಕಾಯಿ. ಮಾರೋದಕ್ಕಲ್ಲ ಎಂದು ಹೆಂಡತಿ. ಇರಲಿ, ತಗೊಂಡು ಹೋಗೋಣ, ರೇಟು ನೋಡೋಣ ಎಂದು ಗಂಡ. ಗಾಡಿ ಕೋಲಾರ, ನರಸಾಪುರ, ಹೊಸಕೋಟೆ ದಾಟಿ ಕೆ.ಆರ್. ಪುರ ಮುಟ್ಟುವ ತನಕ ಈ ವಾದ ಮುಗಿಯಲಿಲ್ಲ. ಮುಗಿಯುವಂಥ ವಾದವೂ ಅದಲ್ಲ. ಬೀಜ ಇಟ್ಟುಕೊಂಡರೆ ಮುಂದಿನ ಮುಂಗಾರಿಗೆ ಕಡಲೆಕಾಯಿ. ಮಾರಿಬಿಟ್ಟರೆ ಟೊಮೆಟೊ. ಅಷ್ಟು ಸರಳ, ಅಷ್ಟು ಕಷ್ಟ.

ಹೋರಿಯ ಕಥೆ, ಅಮೆರಿಕದ ಕಾಯಿ

ಪರಿಷೆಯ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳೆಲ್ಲ ಹಳ್ಳಿಗಳಾಗಿಯೇ ಇದ್ದ ಕಾಲ. ಅಲ್ಲೆಲ್ಲ ಕಡಲೆಕಾಯಿ ಹೊಲ. ಹುಣ್ಣಿಮೆ ರಾತ್ರಿ ಒಂದು ಹೋರಿ ಬಂದು ಬೆಳೆ ಮೇಯುತ್ತಿತ್ತಂತೆ. ರೈತರು ಹೊಂಚು ಹಾಕಿ ದೊಣ್ಣೆಯಲ್ಲಿ ಬಾರಿಸಲು ಹೋದರೆ ಹೋರಿ ಕಲ್ಲಾಗಿ ಕೂತುಬಿಟ್ಟಿತಂತೆ. ಕಲ್ಲು ಬೇರೆ ಬೆಳೆಯುತ್ತಾ ಹೋಯಿತಂತೆ! ಬೆಳೆಯದಿರಲಿ ಎಂದು ತಲೆಗೆ ಮೊಳೆ ಹೊಡೆದರು, ತಪ್ಪಾಯಿತೆಂದು ವರ್ಷದ ಮೊದಲ ಕಾಯಿ ಒಪ್ಪಿಸುವುದಾಗಿ ಹರಕೆ ಹೊತ್ತರು. ಬಸವಣ್ಣನ ಕಾಲ ಬುಡದಲ್ಲೇ ವೃಷಭಾವತಿ ಹುಟ್ಟಿತೆಂಬ ನಂಬಿಕೆಯೂ ಉಂಟು. ಈಗಿನ ವೃಷಭಾವತಿಯನ್ನು ಮೈಸೂರು ರಸ್ತೆಯಲ್ಲಿ ನೋಡಿದವರು, ಮೂಸಿದವರು, ಈ ಮಾತು ಬಂದಾಗ ಸುಮ್ಮನಾಗುತ್ತಾರೆ.

ಒಂದೇ ಬಂಡೆಯಲ್ಲಿ ಕಡೆದ ಬಸವ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಗುಡಿ ಕಟ್ಟಿಸಿದ್ದು ಕೆಂಪೇಗೌಡರು, 1537ರ ಸುಮಾರಿಗೆ ಎಂಬುದು ರೂಢಿಯ ಮಾತು. ಕಡಲೆಕಾಯಿ ಇದೆಯಲ್ಲ, ಅದು ಮೂಲತಃ ದಕ್ಷಿಣ ಅಮೆರಿಕದ ಗಿಡ. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನ ಮೇಲೆ ಈ ಕಡೆ ಬಂದದ್ದು ಎನ್ನುತ್ತಾರೆ. ಹಾಗಾದರೆ ಹೋರಿ ಮೇಯ್ದದ್ದು ಯಾವ ಕಾಯಿ? ಪುರಾಣಕ್ಕೂ ಪುಸ್ತಕಕ್ಕೂ ಇಲ್ಲಿ ಸ್ವಲ್ಪ ಜಟಾಪಟಿ. ಪರಿಷೆಗೆ ಬಂದ ಲಕ್ಷಾಂತರ ಜನರಲ್ಲಿ ಇದಕ್ಕೆ ತಲೆ ಕೆಡಿಸಿಕೊಂಡವರು ಯಾರೂ ಇಲ್ಲ. ಎಲ್ಲರ ಬಾಯಲ್ಲೂ ಕಾಯಿ.

ನಮ್ಮ ಜಿಲ್ಲೆಯವರಿಗೆ ಈ ಬೀದಿ ಪರಕೀಯವೇನಲ್ಲ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರ ಹೆಸರೇ ಇಲ್ಲಿನ ಮುಖ್ಯ ರಸ್ತೆಗೆ. 1945ರಲ್ಲಿ ಅವರು ಕಟ್ಟಿದ ಗೋಖಲೆ ಸಂಸ್ಥೆ ಇರುವುದು ಪರಿಷೆ ನಡೆಯುವ ಬುಲ್ ಟೆಂಪಲ್ ರಸ್ತೆಯಲ್ಲೇ. ಬ್ಯೂಗಲ್ ರಾಕ್ ಉದ್ಯಾನದಲ್ಲಿ ಅವರ ಪ್ರತಿಮೆ ನಿಂತಿದೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಯೂ ಇಲ್ಲೇ ಪಕ್ಕದ ಗವಿಪುರದಲ್ಲಿ. ಮುಳಬಾಗಿಲು, ಮಾಲೂರಿನ ದೊಡ್ಡವರು ಬಾಳಿ ಬದುಕಿದ ಬೀದಿಯಲ್ಲಿ ಈಗ ಅದೇ ತಾಲ್ಲೂಕಿನ ಚಿಕ್ಕವರು ಫುಟ್‌ಪಾತಿನ ಮೇಲೆ ಮೂರು ರಾತ್ರಿ ಮಲಗಿ ಏಳುತ್ತಾರೆ.

ಸೇರು, ಕೊಸರು, ತಕರಾರು

ಗಾಡಿ ಬಂದು ನಿಂತದ್ದು ರಾಮಕೃಷ್ಣ ಆಶ್ರಮದ ವೃತ್ತದಿಂದ ಸ್ವಲ್ಪ ಮೇಲೆ. ಪರಿಷೆಗೆ ಪೂಜೆ, ಭಾಷಣ ಸೋಮವಾರ. ಜನ ಮಾತ್ರ ಶನಿವಾರ ಭಾನುವಾರವೇ ಶುರು. ಇಲ್ಲಿ ಜಾಗಕ್ಕೆ ನಂಬರಿಲ್ಲ, ರಿಜಿಸ್ಟರಿಲ್ಲ. 'ಹೋದ ವರ್ಷ ಇದೇ ಮರದ ಕೆಳಗೆ ಹಾಕಿದ್ವಿ' ಎನ್ನುವುದೇ ಪಟ್ಟಾ. ಆ ಪಟ್ಟಾ ಕೆಲವೊಮ್ಮೆ ನಡೆಯುತ್ತದೆ, ಕೆಲವೊಮ್ಮೆ ನಡೆಯುವುದಿಲ್ಲ. ಈ ಸಲ ಮರದ ಕೆಳಗೆ ಆಗಲೇ ಪ್ಲಾಸ್ಟಿಕ್ ಗೊಂಬೆಯವನು ಕೂತಿದ್ದ. ಎರಡು ಮಾತು ಹೋಯಿತು, ಎರಡು ಮಾತು ಬಂತು. ಕಡೆಗೆ ಮಾರುದ್ದ ಆಚೆ ಟಾರ್ಪಾಲು ಹಾಸಿ ರಾಶಿ ಸುರಿದದ್ದಾಯಿತು.

ರಾಶಿಗಳಲ್ಲೂ ಜಾತಿ ಉಂಟು. ನಾಟಿ, ಗಡಂಗ್, ಸಾಮ್ರಾಟ್, ಬಾದಾಮಿ... ಮಾರುವವನ ಬಾಯಲ್ಲಿ ಹೆಸರಿಗೆ ಬರವಿಲ್ಲ. ಹಸಿ, ಬೇಯಿಸಿದ್ದು, ಹುರಿದದ್ದು ಎಂದು ಮೂರು ಬಗೆ. ದೊಡ್ಡ ಬಾಣಲಿಯಲ್ಲಿ ಮರಳು ಕಾಯಿಸಿ ಹುರಿಯುವವನ ಸುತ್ತ ಯಾವಾಗಲೂ ಗುಂಪು. ಆ ವಾಸನೆಯೇ ಅವನ ಜಾಹೀರಾತು.

ಭಾಷೆಯೋ, ನಮ್ಮ ಗಡಿನಾಡಿನವರಿಗೆ ಹೇಳಿ ಮಾಡಿಸಿದ ಬೀದಿ. ಮುಳಬಾಗಿಲು ಕಡೆಯ ಹೆಂಗಸು ಪಕ್ಕದವಳ ಜತೆ ತೆಲುಗಿನಲ್ಲಿ 'ಚೆನಿಕ್ಕಾಯ' ಅಂತಾಳೆ, ಗಿರಾಕಿಗೆ ಕನ್ನಡದಲ್ಲಿ 'ಬನ್ನಿ ಅಣ್ಣಾ ಕಡ್ಲೇಕಾಯಿ' ಅಂತಾಳೆ, ಧರ್ಮಪುರಿ ಕಡೆಯಿಂದ ಬಂದವನ ಹತ್ತಿರ ತಮಿಳಲ್ಲಿ ರೇಟು ವಿಚಾರಿಸುತ್ತಾಳೆ. ಯಾವ ಸ್ಕೂಲಿಗೂ ಹೋಗಿಲ್ಲ.

ಇನ್ನು ಅಳತೆ. ದೇಶಕ್ಕೆ ಮೆಟ್ರಿಕ್ ತೂಕ ಬರಬೇಕೆಂದು ಕಾನೂನಾದದ್ದು 1956ರಲ್ಲಿ. ಪರಿಷೆಗೆ ಆ ಸುದ್ದಿ ಇನ್ನೂ ಪೂರ್ತಿ ತಲುಪಿಲ್ಲ. ಇಲ್ಲಿ ಈಗಲೂ ಸೇರು. ತಗಡಿನ ಡಬ್ಬವನ್ನು ರಾಶಿಗೆ ಇಳಿಸಿ, ಎತ್ತಿ, ಮೇಲೆ ಗೋಪುರ ಕಟ್ಟಿ ಚೀಲಕ್ಕೆ ಸುರಿಯಬೇಕು. ಗೋಪುರ ಚಿಕ್ಕದಾದರೆ ಜಗಳ.

"ಸೇರು ಎಷ್ಟಮ್ಮಾ?"

"ಅರವತ್ತು ಅಣ್ಣಾ."

"ಆ ಕಡೆ ನಲವತ್ತಕ್ಕೆ ಕೊಡ್ತಾವ್ರೆ!"

"ಆ ಕಡೆ ಡಬ್ಬ ನೋಡಿದ್ರಾ ಸ್ವಾಮಿ? ತಳ ಒಳಕ್ಕೆ ಬಗ್ಗಿಸವ್ರೆ. ನಮ್ದು ನೋಡಿ, ಬೆರಳು ಹಾಕಿ ನೋಡಿ."

ಬೆರಳು ಹಾಕಿ ನೋಡಿದ್ದಾಯಿತು. ಐವತ್ತಕ್ಕೆ ಇತ್ಯರ್ಥವಾಯಿತು. ಆಮೇಲೆ, "ಕೊಸರು ಹಾಕಮ್ಮಾ." ಒಂದು ಹಿಡಿ. "ಇನ್ನೊಂದು ಹಾಕು, ಮಗು ಐತೆ." ಇನ್ನೊಂದು ಹಿಡಿ. ಇಷ್ಟರಲ್ಲಿ ಮಗು ತಾನೇ ರಾಶಿಗೆ ಕೈ ಹಾಕಿ ಮೂರನೇ ಹಿಡಿ ತೆಗೆದಾಗಿತ್ತು. ರುಚಿ ನೋಡುವ ನೆಪದಲ್ಲಿ ಬಿಡಿಸಿ ತಿಂದು ಮುಂದೆ ಹೋಗುವವರದ್ದು ಬೇರೆ ಲೆಕ್ಕ. ಅದನ್ನು ಬಸವಣ್ಣನ ಖಾತೆಗೆ ಬರೆಯಬೇಕು.

ಅಂಗಡಿಯವರೇ, ಲೆಕ್ಕ ನೋಡಿ

ಕೋಲಾರದ ದೊಡ್ಡಪೇಟೆಯಲ್ಲೋ ಮಾಲೂರಿನ ಬಸ್ ಸ್ಟ್ಯಾಂಡಿನ ಪಕ್ಕದಲ್ಲೋ ಅಂಗಡಿ ಇಟ್ಟವರು ಕೇಳಬಹುದು: ಇಷ್ಟೆಲ್ಲ ಪಡಿಪಾಟಲು ಯಾಕೆ, ಮಂಡಿಗೆ ಹಾಕಬಾರದೇ? ಲೆಕ್ಕ ಹೀಗಿದೆ. 2025-26ಕ್ಕೆ ಕೇಂದ್ರ ಸರ್ಕಾರ ಕಡಲೆಕಾಯಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 7,263 ರೂಪಾಯಿ. ಅಂದರೆ ಕೆ.ಜಿ.ಗೆ ಎಪ್ಪತ್ತೆರಡೂವರೆ ಚಿಲ್ಲರೆ. ಒಣಗಿದ ಕಾಯಿ ಹಗುರ, ಒಂದು ಸೇರಿಗೆ ಮುನ್ನೂರು ಗ್ರಾಂ ಆಸುಪಾಸು ತೂಗುತ್ತದೆ. ಸೇರಿಗೆ ಐವತ್ತು ಸಿಕ್ಕರೆ ಕೆ.ಜಿ.ಗೆ ನೂರ ಅರವತ್ತು ಬಿದ್ದ ಹಾಗೆ. ಬೆಂಬಲ ಬೆಲೆಯ ಎರಡರಷ್ಟಕ್ಕೂ ಮೇಲೆ! ತಗಡಿನ ಡಬ್ಬದ ಮಹಿಮೆ ಇದು.

ಗಂಡ-ಹೆಂಡತಿಯ ಐದು ಮೂಟೆಯನ್ನು ತಲಾ 35 ಕೆ.ಜಿ. ಎಂದು ಹಿಡಿಯಿರಿ. ಒಟ್ಟು 175 ಕೆ.ಜಿ. ಬೆಂಬಲ ಬೆಲೆಗೆ ಹೋದರೆ 12,700 ರೂಪಾಯಿ. ಪರಿಷೆಯಲ್ಲಿ ಕೊಸರು, ರುಚಿ, ಮಣ್ಣು, ಜೊಳ್ಳು ಎಲ್ಲ ಕಳೆದು ಐನೂರಿಪ್ಪತ್ತು ಸೇರು ಕೈಗೆ ಸಿಕ್ಕರೂ 26,000. ಗಾಡಿ ಬಾಡಿಗೆಯ ಪಾಲು, ಊಟ, ಕಾಫಿ, ಟಾರ್ಪಾಲು, ಶೌಚಾಲಯಕ್ಕೆ ಕೊಟ್ಟ ಚಿಲ್ಲರೆ ಎಲ್ಲ ಸೇರಿ ನಾಲ್ಕು ಸಾವಿರ ಕಳೆದರೆ ಉಳಿಯುವುದು 22,000. ಮಂಡಿಗಿಂತ ಒಂಬತ್ತು ಹತ್ತು ಸಾವಿರ ಹೆಚ್ಚು. ಇಬ್ಬರ ಮೂರು ನಾಲ್ಕು ದಿನದ ಕೂಲಿ, ನಿದ್ದೆಗೆಟ್ಟ ರಾತ್ರಿಗಳು, ಗಂಟಲು ಹರಿದದ್ದು ಎಲ್ಲ ಆ ಹತ್ತು ಸಾವಿರದೊಳಗೇ. ಇದು ಮಳೆ ಬಾರದಿದ್ದರೆ ಮಾತ್ರ.

ಮಳೆಯ ಮಾತು ಸುಮ್ಮನೆ ಬಂದದ್ದಲ್ಲ. ಕಡಲೆಕಾಯಿಗೆ ಮಳೆ ಜೂನ್-ಜುಲೈನಲ್ಲಿ ಬೇಕು, ಹೂವು ಕಟ್ಟಿ ಊಡು ಇಳಿಯುವಾಗ ಬೇಕು. ಕೀಳುವ ಹೊತ್ತಿಗೆ ಬೇಡ. ನಮ್ಮ ಕಡೆ ಬೆಳೆಯುವ ಟಿ.ಎಂ.ವಿ.-2ರಂಥ ಗೊಂಚಲು ತಳಿಗಳ ಬೀಜಕ್ಕೆ ನಿದ್ದೆ ಇಲ್ಲ. ನೆಲ ಒದ್ದೆಯಾದರೆ ಗಿಡದಲ್ಲೇ ಮೊಳಕೆ ಒಡೆಯುತ್ತದೆ. 2021ರ ನವೆಂಬರಿನಲ್ಲಿ ಕೋಲಾರ ಜಿಲ್ಲೆಯ ಕೆರೆಗಳು ಕೋಡಿ ಹರಿದಾಗ ಜನ ಪೂಜೆ ಮಾಡಿ ಬಾಗಿನ ಬಿಟ್ಟರು. ಆಗ ಕಾಯಿ ಹೊಲದಲ್ಲಿದ್ದವನು ಮಾತ್ರ ಅತ್ತ. ಒದ್ದೆ ಕಾಯಿ ಗೋಣಿಗೆ ತುಂಬಿದರೆ ಬೂಷ್ಟು. ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಕೂಡುತ್ತದೆ, ಹುರಿದರೂ ಪೂರ್ತಿ ಹೋಗದು. ಕಪ್ಪಾದ, ಮುದುಡಿದ ಬೀಜ ಕಂಡರೆ ಕೊಸರಿನಲ್ಲಿ ಬಂದದ್ದಾದರೂ ಸರಿ, ಬಿಸಾಕುವುದು ಕ್ಷೇಮ.

ಕೋಲಾರದ ಕಾಯಿ ಎಂದರೆ ಯಾವುದು?

ಪರಿಷೆಯಲ್ಲಿ ಹತ್ತು ಹೆಜ್ಜೆಗೊಬ್ಬ 'ಕೋಲಾರದ ಕಾಯಿ, ಚಿಂತಾಮಣಿ ಕಾಯಿ' ಎಂದು ಕೂಗುತ್ತಾನೆ. ಚಿಂತಾಮಣಿ 2007ರಲ್ಲೇ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿಹೋಯಿತು, ಆ ಮಾತು ಬಿಡಿ. ಬೆಂಗಳೂರಿನವನಿಗೆ ಹೊಸಕೋಟೆ ದಾಟಿದರೆ ಎಲ್ಲ ಕೋಲಾರವೇ. ಆದರೆ ಕೂಗುವವನ ಮೂಟೆ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಬೇರೆ ಬೇರೆ. ಆಂಧ್ರದ ಕಡೆಯ ಲಾರಿ ಕಾಯಿ ಇದೆ, ತಮಿಳುನಾಡಿನದಿದೆ, ಮಾಗಡಿಯದಿದೆ. ಹೆಸರು ಮಾತ್ರ ನಮ್ಮದು.

ಹೆಸರು ಉಳಿದು ಹೊಲ ಹೋದದ್ದು ಹೇಗೆ ಎಂಬುದು ಶ್ರೀನಿವಾಸಪುರದ ರಸ್ತೆಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ ಗೊತ್ತು. ಎರಡೂ ಕಡೆ ಮಾವು. ಕೋಲಾರ, ಮುಳಬಾಗಿಲು ಕಡೆ ಟೊಮೆಟೊ ಕೋಲುಗಳ ಸಾಲು. ಮಾಲೂರಿನ ಕಡೆ ಹೂವು, ತರಕಾರಿ, ಅದು ಬಿಟ್ಟರೆ ಇಟ್ಟಿಗೆ ಗೂಡು, ಈಗೀಗ ಲೇಔಟಿನ ಕಲ್ಲು. ಬೋರ್‌ವೆಲ್ ಇದ್ದವನು ಮಳೆಯಾಶ್ರಿತ ಬೆಳೆ ಯಾಕೆ ಹಾಕುತ್ತಾನೆ? 2023ರ ಜುಲೈನಲ್ಲಿ ಕೋಲಾರ ಎ.ಪಿ.ಎಂ.ಸಿ.ಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿದಾಗ ಯಾರ ಯಾರ ಮನೆಗೆ ಕಾರು ಬಂತೆಂಬ ಕಥೆಗಳನ್ನು ಜನ ಇನ್ನೂ ಹೇಳುತ್ತಾರೆ. ಅದೇ ಟೊಮೆಟೊವನ್ನು ರಸ್ತೆಗೆ ಸುರಿದ ವರ್ಷಗಳ ಕಥೆಯನ್ನು ಯಾರೂ ಹೇಳುವುದಿಲ್ಲ. ಸೋತವನ ಕಥೆಗೆ ಕಾಫಿ ಅಂಗಡಿಯಲ್ಲಿ ಗಿರಾಕಿ ಇಲ್ಲ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಬಳಸಿದ ನೀರು ಎರಡು ಹಂತ ಶುದ್ಧಿಯಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ. ನಾವು ಬೆಂಗಳೂರಿಗೆ ಹಾಲು, ತರಕಾರಿ, ಮಾವು, ಕಡಲೆಕಾಯಿ ಕಳಿಸುತ್ತೇವೆ. ಬೆಂಗಳೂರು ನಮಗೆ ಮಿಂದ ನೀರು ಕಳಿಸುತ್ತದೆ. ಕೊಡು-ಕೊಳ್ಳುವಿಕೆ ಎಂದರೆ ಇದೇ ಇರಬೇಕು!

ಬೀದಿ ತುಂಬ ಸಂತೆ

ಕಡಲೆಕಾಯಿ ನೆಪಕ್ಕೆ, ಬೀದಿಯಲ್ಲಿ ಇಲ್ಲದ ಸಾಮಾನಿಲ್ಲ. ಬೆಂಡು, ಬತ್ತಾಸು, ಕಲ್ಯಾಣಸೇವೆ, ಪುರಿ, ಖಾರ. ಗಾಜಿನ ಬಳೆ, ಸರ, ಪಿನ್ನು. ಮಣ್ಣಿನ ಹಣತೆ, ಕುಡಿಕೆ, ಚನ್ನಪಟ್ಟಣದ ಗೊಂಬೆ. ಕಡಗೋಲು, ಲಟ್ಟಣಿಗೆ, ಒರಳುಕಲ್ಲು. ಫ್ಲ್ಯಾಟಿನಲ್ಲಿರುವವರೂ ಒರಳು ಕೊಂಡು ಲಿಫ್ಟಿನಲ್ಲಿ ಒಯ್ಯುತ್ತಾರಂತೆ, ರುಬ್ಬುವವರು ಯಾರೋ ದೇವರೇ ಬಲ್ಲ. ಹಳೇ ಹಿತ್ತಾಳೆ ಚೊಂಬು, ಯಾರದೋ ಮನೆಯ ಗಡಿಯಾರ, ಸೆಕೆಂಡ್‌ಹ್ಯಾಂಡ್ ಪುಸ್ತಕ ಹರವಿಕೊಂಡು ಕೂತವರೂ ಉಂಟು. ತೊಟ್ಟಿಲು, ಜಾಯಿಂಟ್ ವೀಲು. ಮೇಲೆ ದೀಪದ ಕಮಾನು. ಇದೆಲ್ಲದರ ನಡುವೆ ಪೀಪಿ! ಎರಡು ರೂಪಾಯಿ ಬುದ್ಧಿಯ ಹುಡುಗರು ಇಪ್ಪತ್ತು ರೂಪಾಯಿಯ ಪೀಪಿ ಕೊಂಡು ಹೆಣ್ಣುಮಕ್ಕಳ ಕಿವಿಯ ಹತ್ತಿರ ಊದುವುದು ಇಲ್ಲಿನ ಹಳೇ ಪಿಡುಗು.

ಕಳೆದ ವರ್ಷಗಳಲ್ಲಿ ಪ್ಲಾಸ್ಟಿಕ್ ಚೀಲ ಬೇಡ, ಬಟ್ಟೆ ಚೀಲ ತನ್ನಿ ಎಂಬ ಪ್ರಚಾರ ಜೋರಾಗಿದೆ. ಕಾಯಿ ಬಟ್ಟೆ ಚೀಲದಲ್ಲಿ ಹೋಗುತ್ತದೆ. ಅದರ ಪಕ್ಕದಲ್ಲೇ ಪ್ಲಾಸ್ಟಿಕ್ ಬಂದೂಕು, ಪ್ಲಾಸ್ಟಿಕ್ ಹೂವು, ಪ್ಲಾಸ್ಟಿಕ್ ಗಿಣಿ ರಾಶಿ ರಾಶಿ. ಚೀಲಕ್ಕೆ ದಂಡ, ಗಿಣಿಗೆ ಇಲ್ಲ.

ನಮ್ಮ ಕಡೆಯಿಂದ ನೋಡಲು ಹೋಗುವವರಿಗೆ ದಾರಿ ಈಗ ಸಲೀಸು. ಕೋಲಾರ, ಮುಳಬಾಗಿಲಿನ ಬಸ್ಸಿನವರು ಕೆ.ಆರ್. ಪುರದಲ್ಲಿಳಿದು ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ, ಅಲ್ಲಿಂದ ಕಾಲ್ನಡಿಗೆ. ಮಾಲೂರಿನವರಿಗೆ ರೈಲು ಇದ್ದೇ ಇದೆ. ಬರುವಾಗ ಕೊನೇ ಬಸ್ಸಿನ ಹೊತ್ತು ನೋಡಿಕೊಂಡು ಹೊರಡಬೇಕು, ಪರಿಷೆಯ ಗುಂಪಿನಲ್ಲಿ ನೂರು ಗಜಕ್ಕೆ ಅರ್ಧ ಗಂಟೆ.

ಐದು ದಿನ ಯಾರಿಗೆ?

ಮೊದಲೆಲ್ಲ ಪರಿಷೆ ಎಂದರೆ ಸೋಮವಾರ, ಮಂಗಳವಾರ. ಎರಡು ದಿನ. ಅಂಗಡಿಯವರಿಂದ ಸುಂಕ ಎತ್ತಲು ಟೆಂಡರು ಇರುತ್ತಿತ್ತು. 2024ರಲ್ಲಿ ಸರ್ಕಾರ ಆ ಸುಂಕ ತೆಗೆದುಹಾಕಿತು. ಒಳ್ಳೇ ಕೆಲಸ, ಹೊಗಳಲೇಬೇಕು. ನಾಲ್ಕು ಮೂಟೆಯವನಿಗೆ ನೂರಿನ್ನೂರು ಉಳಿದರೂ ಉಳಿತಾಯವೇ. 2025ರಲ್ಲಿ ಪರಿಷೆಯನ್ನೇ ಐದು ದಿನಕ್ಕೆ ಹಿಗ್ಗಿಸಿದರು, ನವೆಂಬರ್ 17ರಿಂದ 21ರ ತನಕ. ರೈತರಿಗೆ ಅನುಕೂಲವಾಗಲಿ ಎಂದು ಎಲ್ಲರೂ ಮೆಚ್ಚಿದರು.

ಅನುಕೂಲ ಆದದ್ದು ಯಾವ ರೈತರಿಗೆ? ಗಂಡ-ಹೆಂಡತಿಯ ಐದು ಮೂಟೆ ಮಂಗಳವಾರ ಮಧ್ಯಾಹ್ನಕ್ಕೆ ಖಾಲಿ. ಅವರ ಜತೆ ಗಾಡಿಯಲ್ಲಿ ಬಂದ ಇನ್ನಿಬ್ಬರದೂ ಸಂಜೆಯೊಳಗೆ ಮುಗಿಯಿತು. ಸ್ವಂತ ಹೊಲದ ಕಾಯಿ ತಂದವನ ಹತ್ತಿರ ಐದು ದಿನ ಮಾರುವಷ್ಟು ಸರಕೇ ಇರುವುದಿಲ್ಲ. ಉಳಿದ ಮೂರು ದಿನ ಲಾರಿಯಲ್ಲಿ ತರಿಸಿ ತರಿಸಿ ಮಾರುವ ಸಗಟು ವ್ಯಾಪಾರಿಯದು, ಗೊಂಬೆಯವನದು, ಬಜ್ಜಿಯವನದು. ಅವರೂ ಹೊಟ್ಟೆಪಾಡಿನವರೇ, ಬೇಡ ಎನ್ನುವುದು ಬೇಡ. ಆದರೆ ರೈತನ ಹೆಸರಲ್ಲಿ ದಿನ ಹೆಚ್ಚಿಸುವ ಬದಲು, ಸ್ವಂತ ಕಾಯಿ ತಂದವನಿಗೆ ಮೊದಲೆರಡು ದಿನ ಗುಡಿಯ ಹತ್ತಿರ ನಾಲ್ಕು ಮೊಳ ಜಾಗ ಗುರುತು ಮಾಡಿ ಕೊಟ್ಟರೆ, ರಾತ್ರಿ ಹೆಂಗಸರಿಗೆ ಮೈ ಮರೆಸಿ ಮಲಗಲು ಒಂದು ಶಾಮಿಯಾನ ಹಾಕಿಸಿದರೆ, ಅದಕ್ಕೆ ಟೆಂಡರೂ ಬೇಡ, ಭಾಷಣವೂ ಬೇಡ.

ಮಂಗಳವಾರ ನಾಲ್ಕು ಗಂಟೆ. ಖಾಲಿ ಗೋಣಿ ಮಡಿಸಿದ್ದಾಯಿತು. ಕೆಂಪು ದಾರದ ಮೂಟೆ ಒಂದೇ ಉಳಿದದ್ದು. ಪಕ್ಕದ ವ್ಯಾಪಾರಿಯ ಕಣ್ಣು ಬೆಳಗಿನಿಂದ ಅದರ ಮೇಲೆ. ಆರಿಸಿದ ಕಾಯಿ, ಒಂದೇ ಸಮ, ಜೊಳ್ಳಿಲ್ಲ.

"ಯಜಮಾನ್ರೇ, ಕೈಗೆ ನಾಲ್ಕೂವರೆ ಸಾವಿರ ಕೊಡ್ತೀನಿ. ಬೀಜ ಜೂನಲ್ಲಿ ರೈತ ಸಂಪರ್ಕ ಕೇಂದ್ರದಾಗೆ ಸಬ್ಸಿಡೀಲಿ ಸಿಕ್ತದೆ. ಹೊತ್ಕೊಂಡು ಹೋಗ್ತೀರಾ ಇದನ್ನ?"

ಗಂಡ ಹೆಂಡತಿಯ ಮುಖ ನೋಡಿದರು. ಎಕರೆಗೆ ಐವತ್ತು ಅರವತ್ತು ಕೆ.ಜಿ. ಬಿತ್ತನೆ ಕಾಯಿ ಬೇಕು. ಒಂದು ಮೂಟೆ ಅರ್ಧ ಎಕರೆಗೆ ಸ್ವಲ್ಪ ಮೇಲೆ. ಉಳಿದ ಹೊಲದಲ್ಲಿ ಟೊಮೆಟೊ ಹಾಕುವುದೆಂದು ಮಗ ಆಗಲೇ ಡ್ರಿಪ್ ಪೈಪಿನ ರೇಟು ಕೇಳಿ ಬಂದಿದ್ದಾನೆ. ಹಾಗಾಗಿ ಇದು ಅರ್ಧ ಎಕರೆಯ ಪ್ರಶ್ನೆ.

"ಅತ್ತೆ ಕಾಲದಿಂದ ನಮ್ಮನೇಲಿ ಬೀಜ ಕೊಂಡಿದ್ದಿಲ್ಲ," ಎಂದರು ಆಯಮ್ಮ. ವ್ಯಾಪಾರಿಗೆ ಹೇಳಿದರೋ ಗಂಡನಿಗೆ ಹೇಳಿದರೋ ತಿಳಿಯಲಿಲ್ಲ. ಹೇಳಿ ಮೂಟೆಯ ಮೇಲೆ ಕೂತರು.

ಐದು ಸಾವಿರದ ತನಕ ಬಂತು. ಆಯಮ್ಮ ಏಳಲಿಲ್ಲ.

ಛೋಟಾ ಆನೆ ಭಾನುವಾರವೇ ವಾಪಸು ಹೋಗಿತ್ತು. ಆಟೊದಲ್ಲಿ ಮೂಟೆ ಹಾಕಿಕೊಂಡು ಮೆಜೆಸ್ಟಿಕ್‌ಗೆ ಬಂದಾಗ ರಾತ್ರಿ ಎಂಟು. ಶ್ರೀನಿವಾಸಪುರದ ಬಸ್ಸಿನಲ್ಲಿ ಕಂಡಕ್ಟರು ಮೊದಲು ಆಯಮ್ಮನಿಗೆ ಶಕ್ತಿ ಯೋಜನೆಯ ಬಿಟ್ಟಿ ಚೀಟಿ ಹರಿದರು, ಆಮೇಲೆ ಯಜಮಾನರಿಗೆ ಟಿಕೆಟ್ಟು. ಮೂರನೆಯದಾಗಿ ಮೂಟೆಯ ಕಡೆ ನೋಡಿದರು.

"ಇದು ಎಷ್ಟು ಕೆ.ಜಿ.?"

"ಮೂವತ್ತೇ ಸ್ವಾಮಿ."

ಮೂವತ್ತು ಕೆ.ಜಿ. ತನಕ ಲಗೇಜು ಬಿಟ್ಟಿ ಎಂಬುದು ಆಯಮ್ಮನಿಗೂ ಗೊತ್ತು, ಕಂಡಕ್ಟರಿಗೂ ಗೊತ್ತು. ಕಂಡಕ್ಟರು ಮೂಟೆಯ ಒಂದು ಮೂಲೆ ಹಿಡಿದು ಎತ್ತಿ ನೋಡಿದರು, ಕೆಳಗಿಟ್ಟರು.

"ಬಿತ್ತನೆ ಕಾಯಾ ಅಮ್ಮಾ?"

"ಹೂಂ."

"ಕಾಲ ಹತ್ರ ಎಳ್ಕೊಳ್ಳಿ, ದಾರಿ ಬಿಡಿ," ಎಂದು ಮುಂದಿನ ಸೀಟಿಗೆ ಹೋದರು.